ಮದುಮಗನನ್ನು ಹಿಡಿಯುವುದು ಯಾರು?

ನಮ್ಮ ಲೀಗಿನಲ್ಲಿ ಯಾರೂ ಹೆಲ್ಮೆಟ್ ಹಾಕುವುದಿಲ್ಲ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಪೊಲೀಸರು ಹಿಡಿಯುದಿಲ್ವಾ?"

ಸ್ಕೂಟರಿನ ವಿಷಯ ಅಲ್ಲಮ್ಮ, ಆಟದ ವಿಷಯ ಎಂದೆ. ಅಮೆರಿಕದವರ ಫುಟ್‌ಬಾಲ್. ಹೆಸರು ಕಾಲಿನದ್ದು, ಕೆಲಸ ಎಲ್ಲ ಕೈಯದ್ದು. ಅವರಲ್ಲಿ ಹನ್ನೊಂದು ಜನ ಆಡುತ್ತಾರೆ, ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬಿನಂಥ ಪ್ಯಾಡು. ನಮ್ಮಲ್ಲಿ ಏಳು ಜನ. ತಲೆಗೆ ತೆಂಗಿನೆಣ್ಣೆ, ಹೆಗಲಿಗೆ ದೇವರೇ ಗತಿ. ಅಮ್ಮ ಎಲ್ಲ ಕೇಳಿ, "ನಿನ್ನನ್ನು ಯಾರು ಸೇರಿಸಿಕೊಂಡದ್ದು?" ಎಂದರು. ನ್ಯಾಯವಾದ ಪ್ರಶ್ನೆಯೇ. ಗಾಳಿ ಬಂದಾಗ ಬಾಗಿಲಿನ ಹಿಂದೆ ನಿಲ್ಲಬೇಕಾದ ಮೈಕಟ್ಟು ನನ್ನದು.

ಈ ಆಟವನ್ನು ನಮ್ಮೂರು ಉರ್ವಕ್ಕೆ ತಂದದ್ದು ಊರಿಗೆಲ್ಲ ದುಬೈ ಅಣ್ಣನಾದವನು. ಅಲ್ಲಿ ಗೋದಾಮಿನಲ್ಲಿ ಕೆಲಸಕ್ಕಿದ್ದಾಗ, ರಜೆಯ ದಿನ ಪಾರ್ಕಿನಲ್ಲಿ ಯಾರೋ ಅಮೆರಿಕದವರು ಹೀಗೆ ಬರಿಮೈಯಲ್ಲಿ ಗುದ್ದಾಡುವುದನ್ನು ನೋಡಿದ್ದನಂತೆ. ಊರಿಗೆ ಬರುವಾಗ ಉಳಿದವರು ಸೆಂಟು, ಖರ್ಜೂರ ತಂದರೆ ಈತ ಮೊಟ್ಟೆಯಾಕಾರದ ಎರಡು ಚೆಂಡು ತಂದ. ಅವನ ತಾಯಿ ಒಂದನ್ನು ಅಲ್ಲಾಡಿಸಿ, ಒಳಗೆ ಎಂತ ಉಂಟು ಎಂದು ನೋಡಿದರಂತೆ. ಈಗ ಆತನೇ ಲೀಗಿನ ಅಧ್ಯಕ್ಷ, ರೆಫ್ರಿ, ಕಾರ್ಯದರ್ಶಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವವನೂ. ನಿಯಮ ಸುಲಭ. ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಎದುರಿನವರ ಕೊನೆಯ ಗೆರೆ ದಾಟಬೇಕು. ನಾಲ್ಕು ಚಾನ್ಸು, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಚಾನ್ಸು, ಹೋಗದಿದ್ದರೆ ಚೆಂಡು ಎದುರಿನವರಿಗೆ. ಹತ್ತು ಗಜ ಅಳೆಯುವುದು ಶಾಮಿಯಾನದವನಿಂದ ತಂದ ಹಗ್ಗದಲ್ಲಿ. ಓಡುವವನನ್ನು ಅಪ್ಪಿ ಹಿಡಿದು ನೆಲಕ್ಕೆ ಹಾಕಬಹುದು. ತಲೆಯಿಂದ ಗುದ್ದಬಾರದು, ಕುತ್ತಿಗೆಗೆ ಕೈ ಹಾಕಬಾರದು. ಇಷ್ಟೇ. ಉಳಿದ ಕಾನೂನನ್ನು ದುಬೈ ಅಣ್ಣ ಅಂದಂದಿನ ಹವಾಮಾನ ನೋಡಿ ಹೇಳುತ್ತಾನೆ.

ಹಿಡಿದು ಬೀಳಿಸುವುದು ನಮಗೇನು ಹೊಸತಲ್ಲ. ಲೀಗಿನಲ್ಲಿ ಮುಕ್ಕಾಲು ಪಾಲು ಜನ ಕಬಡ್ಡಿಯವರು. ತೊಂದರೆ ಶುರುವಾದದ್ದೂ ಅಲ್ಲೇ. ಮೊದಲ ದಿನ ಯಾರೋ ಒಬ್ಬನ ಬೆನ್ನಿಗೆ ಬೆರಳು ತಾಗಿತು. ಆತ ಕೈ ಎತ್ತಿ ಮರ್ಯಾದೆಯಿಂದ ಮೈದಾನದ ಹೊರಗೆ ಹೋಗಿ ಕೂತ. ಔಟ್ ಆದೆ ಎಂದು. ಚೆಂಡು ಇನ್ನೂ ಅವನ ಕಂಕುಳಲ್ಲಿತ್ತು. ಅದಕ್ಕಿಂತ ದೊಡ್ಡ ರೋಗ ಇನ್ನೊಂದು. ಕಬಡ್ಡಿಯಲ್ಲಿ ಸಿಕ್ಕಿಬಿದ್ದವ ಹಿಂದೆ ತಿರುಗಿ, ನೆಲದ ಮೇಲೆ ಉದ್ದಕ್ಕೆ ಚಾಚಿ, ನಡುಗೆರೆಯನ್ನು ಬೆರಳತುದಿಯಲ್ಲಾದರೂ ಮುಟ್ಟಬೇಕು, ಮುಟ್ಟಿದರೆ ಬದುಕಿದ. ಇಲ್ಲಿ ಮುಂದೆ ಬಿದ್ದಷ್ಟೂ ಲಾಭ. ನಮ್ಮವರು ಮಾತ್ರ ಯಾರಾದರೂ ಕಾಲು ಹಿಡಿದರೆ ಸಾಕು, ಗಬಕ್ಕನೆ ಹಿಂದೆ ತಿರುಗಿ ತಮ್ಮ ಮನೆಯ ಕಡೆಗೆ ತೆವಳುತ್ತಿದ್ದರು. ಬೆವರು ಸುರಿಸಿ ಗಳಿಸಿದ ಮೂರು ಗಜವನ್ನು ಎದುರಿನವರಿಗೆ ಉಡುಗೊರೆ ಕೊಟ್ಟು, ಎದ್ದು ನಿಂತು ಎದೆಯುಬ್ಬಿಸುತ್ತಿದ್ದರು. ದುಬೈ ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂಗುತ್ತಿದ್ದ: "ಮುಂದೆ ಬೀಳಿ ಮಾರಾಯ್ರೆ, ಮುಂದೆ! ಹಿಂದೆ ನಿಮ್ಮವರು ಯಾರೂ ಇಲ್ಲ!"

ಹೇಳಿದ್ದು ತಲೆಗೆ ಹೋಗುತ್ತಿತ್ತು. ಮೈಗೆ ಹೋಗುತ್ತಿರಲಿಲ್ಲ.

ನಾನು ಉರ್ವದ ತಂಡದಲ್ಲಿ. ನಮ್ಮ ಕ್ಯಾಪ್ಟನ್ ಸಿಟಿ ಬಸ್ಸಿನ ಕಂಡಕ್ಟರ್. ಗುಟ್ಟಿನ ಯೋಜನೆಗಳಿಗೆ ಆತ ಬಸ್ ಸ್ಟಾಪಿನ ಹೆಸರಿಟ್ಟಿದ್ದ: ಲಾಲ್‌ಬಾಗ್ ಎಂದರೆ ಬಲಕ್ಕೆ, ಲೇಡಿಹಿಲ್ ಎಂದರೆ ಎಡಕ್ಕೆ, ಕೊಟ್ಟಾರ ಎಂದರೆ ನೇರ ನುಗ್ಗುವುದು. ಎಲ್ಲರೂ ನೆಲಕ್ಕೆ ಬಾಗಿ ನಿಂತ ಮೇಲೆ, ಬಸ್ಸು ಹೊರಡಿಸುವ ಹಾಗೆ "ಪೋಯಿ, ರೈಟ್!" ಎಂದರೆ ಆಟ ಶುರು. ಎದುರಿನ ಕೂಳೂರಿನ ಹುಡುಗರು ದಿನಾ ಅದೇ ಬಸ್ಸಿನಲ್ಲಿ ಬರುವವರಾದ್ದರಿಂದ ಮುಂದಿನ ಸ್ಟಾಪ್ ಯಾವುದೆಂದು ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತಿತ್ತು.

ನನ್ನ ಜಾಗದ ಹೆಸರು ಸೇಫ್ಟಿ. ಎಲ್ಲರ ಹಿಂದೆ ಒಬ್ಬನೇ ನಿಲ್ಲುವುದು. ಆರು ಜನರಿಂದ ಆಗದ ಕೆಲಸವನ್ನು ಏಳನೆಯವನಾಗಿ, ಅವರೆಲ್ಲರಿಗಿಂತ ಸಪೂರದವನಾಗಿ, ಪೂರೈಸುವುದು. ಹಗಲು ಹೊತ್ತು ನಾನು ಕೊಡಿಯಾಲ್‌ಬೈಲಿನ ಟೈಲ್ಸ್ ಅಂಗಡಿಯಲ್ಲಿ ಜನರಿಗೆ ಬಿಳಿ ಟೈಲ್ಸಿನ ಪಕ್ಕ ಇನ್ನೊಂದು ಬಿಳಿ ಟೈಲ್ಸ್ ಇಟ್ಟು ವ್ಯತ್ಯಾಸ ವಿವರಿಸುತ್ತೇನೆ. ನನಗಿರುವ ಒಂದೇ ವಿದ್ಯೆ ಬೇರೆಯವರ ದನಿ ತೆಗೆಯುವುದು. ಅಂಗಡಿ ಯಜಮಾನರು ಸೀನುವುದು, ಕ್ಯಾಪ್ಟನ್ ಚಿಲ್ಲರೆ ಇಲ್ಲ ಎನ್ನುವುದು, ದುಬೈ ಅಣ್ಣ ಅರಬಿಯಲ್ಲಿ ಎರಡೇ ಶಬ್ದ ಗೊತ್ತಿದ್ದು ಹತ್ತು ಗೊತ್ತಿದ್ದವನ ಹಾಗೆ ತಲೆಯಾಡಿಸುವುದು, ಎಲ್ಲ ಬರುತ್ತದೆ. ನನ್ನ ದನಿಯನ್ನು ಮಾತ್ರ ಯಾರೂ ಅನುಕರಿಸುವುದಿಲ್ಲ. ಒಬ್ಬ ಪ್ರಯತ್ನ ಮಾಡಿದ್ದ. ಕೇಳಿದವರು "ನೀರು ಕುಡಿ" ಎಂದರು.

ಕೂಳೂರಿನ ತಂಡದ ಪ್ರಾಣವೆಂದರೆ ಒಬ್ಬನೇ ಓಟಗಾರ. ನನ್ನ ಕಾಲೇಜಿನ ಗೆಳೆಯ. ಒಂದೇ ಬೆಂಚು, ಒಂದೇ ಕಬಡ್ಡಿ ತಂಡ. ಅವ ರೈಡ್ ಹೋಗುವವ, ನಾನು ಅವನ ಟವೆಲ್ ಹಿಡಿಯುವವ. ಈಗ ಸೇತುವೆಯ ಹತ್ತಿರ ಅವರ ಮನೆಯ ಪ್ಲೈವುಡ್ ಅಂಗಡಿ ನೋಡಿಕೊಳ್ಳುತ್ತಾನೆ. ಅವನಿಗೆ ಮದುವೆ ನಿಶ್ಚಯವಾಯಿತು. ಹುಡುಗಿ ಕೊಡಿಯಾಲ್‌ಬೈಲಿನ ಫ್ಲ್ಯಾಟಿನವಳು, ಹೈಸ್ಕೂಲಿನಲ್ಲಿ ಗಣಿತ ಟೀಚರ್. ಇಬ್ಬರೂ ಭೇಟಿಯಾದದ್ದು ಎರಡು ಸಲ, ಎರಡು ಸಲವೂ ಸುತ್ತ ಒಂದು ಬಸ್ಸಿನಷ್ಟು ನೆಂಟರು. ಆವತ್ತಿನಿಂದ ಮೈದಾನದಲ್ಲಿ ಅವನ ಹೆಸರು ಹೋಯಿತು. ಎಲ್ಲರೂ ಮದುಮಗ ಎಂದೇ ಕರೆಯತೊಡಗಿದರು.

ನಿಕಾಹ್‌ಗೆ ಒಂದು ವಾರ ಉಳಿದಿತ್ತು. ಭಾನುವಾರ ನಮಗೂ ಕೂಳೂರಿಗೂ ಪಂದ್ಯ. ಅದಕ್ಕೆ ಎರಡು ದಿನ ಮೊದಲು ಅವನ ತಾಯಿ, ನಮಗೆಲ್ಲ ಉಮ್ಮ, ಫೋನ್ ಮಾಡಿ ನನ್ನನ್ನು ಊಟಕ್ಕೆ ಕರೆದರು. ಅಕ್ಕಿಯ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ಬಡಿಸಿದರು. ನಾನು ಎರಡನೆಯ ಸಲ ಹಾಕಿಸಿಕೊಂಡ ಮೇಲೆಯೇ, ನನ್ನನ್ನೂ ಮಗನೆಂದು ಕರೆದು, ಮಾತು ತೆಗೆದರು.

"ಮೋನೆ, ಹುಡುಗಿ ಮನೆಯವರು ಕೇಳಿದಾಗ ನಾನು ಎಂತ ಹೇಳಿದ್ದು ಗೊತ್ತುಂಟಾ? ಹುಡುಗ ಭಾನುವಾರ ವ್ಯಾಯಾಮಕ್ಕೆ ಹೋಗ್ತಾನೆ ಅಂತ. ಇವ ಕಣ್ಣು ಊದಿಸಿಕೊಂಡು, ತುಟಿ ಒಡೆದುಕೊಂಡು ನಿಕಾಹ್‌ಗೆ ಕೂತ್ರೆ ಅವರು ಎಂತ ಎಣಿಸಬೇಕು? ಗಲಾಟೆಯ ಹುಡುಗ ಅಂತ ಎಣಿಸುದಿಲ್ವಾ?"

"ಈ ಮ್ಯಾಚ್ ಬಿಡ್ಲಿ ಉಮ್ಮ."

"ಬಿಡು ಅಂದೆ. ಊಟ ಬಿಟ್ಟು ಕೂತ. ಮದುಮಗ ಸೊರಗಿ ಕಂಡ್ರೆ ಅದಕ್ಕೂ ಕೇಳ್ತಾರೆ." ಅವರು ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. "ಕಡೆಗೆ ಒಂದು ಒಪ್ಪಂದ ಆಯ್ತು. ಅವ ಆಡಲಿ. ಮುಖದಲ್ಲಿ ಒಂದು ಗೀರು ಬಿದ್ರೆ ಆಟ ಅಲ್ಲಿಗೇ ಮುಗಿಯಿತು. ಮದುವೆ ಆದ ಮೇಲೂ ಇಲ್ಲ, ಯಾವತ್ತೂ ಇಲ್ಲ. ಅವನೂ ಹ್ಞೂಂ ಅಂದಿದ್ದಾನೆ. ನೀನು ಅವನನ್ನು ಮುಟ್ಟಬೇಡ, ಆಯ್ತಾ?"

ಬಾಯಲ್ಲಿ ಕೋಳಿ ಇದ್ದುದರಿಂದ ಇಲ್ಲ ಎನ್ನುವುದು ಕಷ್ಟವಿತ್ತು. ತಲೆಯಾಡಿಸಿದೆ. ಮನೆಗೆ ಬರುವ ದಾರಿಯಲ್ಲಿ, ಉರ್ವದ ಸೇಫ್ಟಿಯಾದ ನಾನೇ ಗುಟ್ಟಾಗಿ ಕೂಳೂರಿಗೆ ಮಾರಾಟವಾದೆನಲ್ಲ ಎಂದು ಸ್ವಲ್ಪ ಬೇಸರವಾಯಿತು. ಸಾರು ಚೆನ್ನಾಗಿತ್ತು, ಅದು ಬೇರೆ ಮಾತು.

ಭಾನುವಾರ ಬೆಳಿಗ್ಗೆ ಉಮ್ಮ ಮೈದಾನಕ್ಕೇ ಬಂದರು. ಅಂಚಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಕೊಡೆ, ತೊಡೆಯ ಮೇಲೆ ಮಗನ ಚೀಲ. ದುಬೈ ಅಣ್ಣ ಎಂದಿನಂತೆ ತನ್ನ ಫೋನನ್ನು ಒಂದು ಕೋಲಿಗೆ ಕಟ್ಟಿ, ಪಂದ್ಯವನ್ನು ಲೈವ್ ಬಿಟ್ಟ. ನೋಡುವವರು ಹೆಚ್ಚೆಂದರೆ ಅವನ ಗಲ್ಫಿನ ಹಳೆ ರೂಮಿನವರು ಎಂದು ನಾವು ಎಣಿಸಿದ್ದೆವು.

ಮದುಮಗನ ಕೈಗೆ ಮೊದಲ ಸಲ ಚೆಂಡು ಬಂತು. ಎದುರಿಗೆ ನಮ್ಮ ತಂಡದ ಅತಿ ದಪ್ಪದವ, ಜಿಮ್ಮಿನಲ್ಲಿ ಬೇರೆಯವರಿಗೆ ಪಾಠ ಹೇಳುವವ. ಅವನು ತೋಳು ಅಗಲಿಸಿದ. ಹಿಡಿಯುತ್ತಾನೆ ಎಂದು ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ. ಆತ ತೋಳು ಅಗಲಿಸಿಕೊಂಡೇ ಬದಿಗೆ ಸರಿದು, ಮನೆಗೆ ಬಂದ ಅತಿಥಿಗೆ ದಾರಿ ತೋರಿಸುವ ಹಾಗೆ ಕೈ ಚಾಚಿದ. ಎರಡನೆಯವನು ಚಪ್ಪಲಿ ಹುಡುಕುವವನಂತೆ ಬಾಗಿದ. ಮೂರನೆಯವನು ಅವನ ಜೊತೆಯಲ್ಲೇ ಓಡಿದ, ಹೆಗಲಿಗೆ ಹೆಗಲು ತಾಗದ ಹಾಗೆ, ಬೆಂಗಾವಲಿನ ಪೊಲೀಸಿನಂತೆ. ಕಡೆಗೆ ನನ್ನ ಸರದಿ. ನಾನು ಬಿದ್ದೆ. ಅವನು ಇನ್ನೂ ದೂರದಲ್ಲಿರುವಾಗಲೇ ಬಿದ್ದೆ.

ಹೀಗೆಯೇ ಅವನು ಮತ್ತೆ ಮತ್ತೆ ಗೆರೆ ದಾಟಿದ. ಕ್ಯಾಪ್ಟನಿನ ಮುಖ ಬಸ್ಸಿನ ಬ್ರೇಕ್ ಲೈಟಿನ ಹಾಗೆ ಆಯಿತು. ಎಲ್ಲರನ್ನೂ ಸುತ್ತ ನಿಲ್ಲಿಸಿದ.

"ಎಂತ ಆಗಿದೆ ನಿಮಗೆ? ಅವನಿಗೆ ಕರೆಂಟ್ ಉಂಟಾ ಮುಟ್ಟಿದ್ರೆ?"

ಜಿಮ್ಮಿನವ ನೆಲ ನೋಡಿದ. "ಅವನ ಉಮ್ಮ ಮನೆಗೆ ಬಂದು ಕಾರ್ಡು ಕೊಟ್ಟು ಹೋಗಿದ್ದಾರೆ. ಮನೆಯವರೆಲ್ಲ ಬರ್ಬೇಕು ಅಂತ. ಆಮೇಲೆ ಹೇಳಿದ್ರು..."

"ಮುಟ್ಟಬೇಡ ಅಂತ?" ಇನ್ನೊಬ್ಬ ಕೇಳಿದ. "ನನಗೂ ಅದೇ ಹೇಳಿದ್ದು!"

ಒಬ್ಬೊಬ್ಬರದೇ ಹೊರಗೆ ಬಂತು. ಇಡೀ ಉರ್ವ ತಂಡವನ್ನು ಆ ತಾಯಿ ಒಂದು ವಾರದೊಳಗೆ ಖರೀದಿ ಮಾಡಿದ್ದರು. ನಾನೊಬ್ಬನೇ ದ್ರೋಹಿ ಎಂದು ಎರಡು ರಾತ್ರಿ ನಿದ್ದೆಗೆಟ್ಟದ್ದು ವ್ಯರ್ಥವಾಯಿತು. ಕೋಳಿ ಸಾರಿನ ಸುದ್ದಿ ಬಂದಾಗ ಕ್ಯಾಪ್ಟನ್ ನಮ್ಮನ್ನು ಸರದಿಯಾಗಿ ನೋಡಿದ.

"ನಿಮಗೆಲ್ಲ ಕೋಳಿಯಾ? ನನಗೆ ಬಸ್ಸಿನಲ್ಲಿ ಕಾರ್ಡು ಕೊಟ್ಟು, ಟಿಕೆಟ್ ತೆಗೊಂಡು ಇಳಿದು ಹೋದ್ರು."

"ಹಾಗಾದ್ರೆ ನೀವೂ..."

"ಮೊದಲು ಆಟ ನೋಡಿ ಮಾರಾಯ್ರೆ," ಎಂದು ಕ್ಯಾಪ್ಟನ್ ಮಾತು ಬದಲಿಸಿದ.

ವಿರಾಮದಲ್ಲಿ ನಾನು ನಲ್ಲಿಯ ಹತ್ತಿರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಮದುಮಗ ಬಂದ. ಅವರ ತಂಡ ಗೆಲ್ಲುತ್ತಿತ್ತು. ಅವನ ಮುಖ ಮಾತ್ರ ಸೋತವನ ಮುಖ.

"ನಾನು ಆಟಗಾರನಾ, ಮೊಟ್ಟೆಯ ಟ್ರೇಯಾ?" ಎಂದ.

"ಮೊಟ್ಟೆಗೆ ನಾವು ಇಷ್ಟು ಮರ್ಯಾದೆ ಕೊಡುದಿಲ್ಲ."

"ತಮಾಷೆ ಬೇಡ. ಉಮ್ಮ ನಿನಗೂ ಹೇಳಿದ್ದಾರಲ್ವಾ?"

"ಎರಡು ಸಲ ಬಡಿಸಿ ಹೇಳಿದ್ದಾರೆ."

ಅವನು ನಗಲಿಲ್ಲ. ನಲ್ಲಿ ನಿಲ್ಲಿಸಿದ. "ನೋಡು, ಮುಖಕ್ಕೆ ಏನಾದ್ರೂ ಆದ್ರೆ ನನಗೆ ಆಟ ಹೋಯ್ತು, ಅದು ನನಗೆ ಗೊತ್ತುಂಟು. ಆದ್ರೆ ಹೀಗೆ ಆಡಿದ್ರೂ ಹೋದ ಹಾಗೇ ಅಲ್ವಾ? ಯಾರೂ ಹಿಡಿಯದ ಮೇಲೆ ಓಡುದು ಎಂತಕ್ಕೆ? ಅದಕ್ಕೆ ಅಂಗಡಿಯಲ್ಲಿ ಗೋದಾಮಿನವರೆಗೆ ಓಡಿದ್ರೆ ಸಾಕು." ಸ್ವಲ್ಪ ತಡೆದು, "ನೀನಾದ್ರೂ ಹಿಡಿ," ಎಂದ. "ಕಾಲಿಗೆ ಹಿಡಿ. ಮುಖ ನಾನು ನೋಡಿಕೊಳ್ತೇನೆ."

ಇವನು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕಾಲೇಜಿನ ವೈವಾ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

ದ್ವಿತೀಯಾರ್ಧದ ಮೊದಲಿಗೆ ಕ್ಯಾಪ್ಟನ್ ನನ್ನ ಕಿವಿಯಲ್ಲಿ ಒಂದು ಉಪಾಯ ಹೇಳಿದ. ಮದುಮಗನನ್ನು ಮುಟ್ಟದೆ ನಿಲ್ಲಿಸುವುದು. "ನೀನು ಅವನ ಉಮ್ಮನ ದನಿ ತೆಗಿ. ಓಡುವವ ತಿರುಗಿ ನೋಡ್ತಾನೆ. ಅಷ್ಟರಲ್ಲಿ ಚೆಂಡು ಕಿತ್ತುಕೊಳ್ಳುವ." ನಿಜವಾದ ಉಮ್ಮ ಮೂವತ್ತು ಹೆಜ್ಜೆ ಆಚೆ ಕೊಡೆ ಹಿಡಿದು ಕೂತಿದ್ದಾರೆ. ಆದರೆ ಒಳ್ಳೆಯ ದನಿಯೊಂದು ಗಂಟಲಿಗೆ ಬಂದರೆ ತಡೆದುಕೊಳ್ಳುವ ಶಕ್ತಿ ನನಗೆ ದೇವರು ಕೊಟ್ಟಿಲ್ಲ. ಮದುಮಗ ಚೆಂಡು ಹಿಡಿದು ಹೊರಟ ಕೂಡಲೇ ಕೂಗಿದೆ: "ಮೋನೇ! ನಿಲ್ಲು! ಮುಖ, ಮುಖ!"

ಮದುಮಗ ನಿಲ್ಲಲಿಲ್ಲ. ಇಪ್ಪತ್ತೈದು ವರ್ಷ ಆ ದನಿ ಕೇಳಿ ಬೆಳೆದವ ಅವನು. ಮೊದಲ ಕೂಗಿಗೆ ನಿಂತ ದಾಖಲೆಯೇ ಇಲ್ಲ. ನಿಂತದ್ದು ನಮ್ಮ ತಂಡ. ಜಿಮ್ಮಿನವ ಒಂದು ಕಾಲು ಎತ್ತಿದಲ್ಲೇ ಗೊಂಬೆಯಾದ. ಉಪಾಯ ಹೇಳಿಕೊಟ್ಟ ಕ್ಯಾಪ್ಟನ್ ಕೂಡ ಎರಡೂ ಕೈ ಹಿಂದೆ ಕಟ್ಟಿಕೊಂಡ. ಮದುಮಗ ಅವರ ನಡುವೆ ಪ್ರದರ್ಶನ ನೋಡುವವನಂತೆ ಹಾದು ಹೋದ.

ಕುರ್ಚಿಯಿಂದ ಉಮ್ಮ ಎದ್ದರು. "ಯಾರದು?"

ಹದಿಮೂರು ಜನ ಆಟಗಾರರು ನನ್ನ ಕಡೆ ಬೆರಳು ತೋರಿಸಿದರು. ರೆಫ್ರಿ ಕೂಡ. ಉಮ್ಮ ನನ್ನನ್ನು ನೋಡಿದ ನೋಟದಲ್ಲಿ ಆವತ್ತು ತಿಂದದ್ದೆಲ್ಲ ವಾಪಸ್ ಕೊಡಬೇಕಾಗುತ್ತದೆಂದು ಅನಿಸಿತು. ಆಮೇಲೆ ಅವರು ಪಕ್ಕದಲ್ಲಿ ನಿಂತವನಿಗೆ, "ನನ್ನ ದನಿ ಅಷ್ಟು ದೊರಗಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಅವನು ಜಾಣ, ಅವರ ಕುರ್ಚಿಯನ್ನು ನೆರಳಿಗೆ ಸರಿಸತೊಡಗಿದ.

ಆಟ ಕೊನೆಗೆ ಬಂದಿತ್ತು. ಚೆಂಡು ಕೂಳೂರಿನವರ ಕೈಯಲ್ಲಿ, ಎರಡನೆಯ ಚಾನ್ಸು. ಮದುಮಗ ಎಡಕ್ಕೆ ಹೊರಳಿದ, ನಮ್ಮವರೆಲ್ಲ ಎಂದಿನಂತೆ ದಾರಿ ಬಿಟ್ಟರು, ಎದುರಿಗೆ ನಾನೊಬ್ಬ ಉಳಿದೆ. ಬದಿಯಲ್ಲಿ ಬೇಕಾದಷ್ಟು ಜಾಗ ಇತ್ತು. ಅವನು ಬದಿಗೆ ಹೋಗಲಿಲ್ಲ. ನೇರ ನನ್ನ ಮೇಲೇ ಬಂದ.

"ಹಿಡಿ ಮಾರಾಯ! ಹಿಡೀ!"

ಯೋಚನೆ ಮಾಡಿದ್ದರೆ ಹಿಡಿಯುತ್ತಿರಲಿಲ್ಲ. ಹಾರಿ ಅವನ ಎಡ ಹಿಮ್ಮಡಿಗೆ ಎರಡೂ ಕೈ ಸುತ್ತಿದೆ. ಆನೆಯ ಕಾಲಿಗೆ ಕಟ್ಟಿದ ಗೆಜ್ಜೆಯ ಹಾಗೆ ಸ್ವಲ್ಪ ದೂರ ಅವನ ಜೊತೆ ಎಳೆದುಕೊಂಡು ಹೋದೆ. ಅವನು ಎಡವಿದ. ಮುಂದಕ್ಕೆ ಬೀಳಬೇಕಾದವ, ಸುಮ್ಮನೆ ಬಿದ್ದರೆ ಹತ್ತು ಗಜ ಪೂರ್ತಿ ಆಗುತ್ತಿದ್ದವ, ಕಾಲಿಗೆ ಕೈ ಬಿದ್ದ ಕೂಡಲೇ ಹಳೆಯ ರೈಡರ್ ಆಗಿಬಿಟ್ಟ. ಸರ್ರನೆ ತಿರುಗಿ, ಇಲ್ಲದ ನಡುಗೆರೆಯ ಕಡೆಗೆ ಬಲಗೈ ಚಾಚಿ, ನನ್ನನ್ನೂ ಎಳೆದುಕೊಂಡು ಹಿಂದಕ್ಕೆ ಹಾರಿದ. ಗಲ್ಲ ಕೆಂಪು ಮಣ್ಣಿಗೆ ಬಡಿದು ಉಜ್ಜಿಕೊಂಡು ಹೋಯಿತು. ಅವನ ಇನ್ನೊಂದು ಹಿಮ್ಮಡಿ ನನ್ನ ಕಣ್ಣಿಗೆ ಬಡಿಯಿತು.

ದುಬೈ ಅಣ್ಣ ಸೀಟಿ ಊದಿದ.

ಅವನು ಎದ್ದು ಕೂತು ಗಲ್ಲ ಮುಟ್ಟಿದ. ಬೆರಳಿಗೆ ರಕ್ತ. ಅವನು ಆ ಬೆರಳನ್ನು ನೋಡಿದ, ನಾನು ಒಂದೇ ಕಣ್ಣಲ್ಲಿ ನೋಡಿದೆ. ಗಾಯ ಸಣ್ಣದೇ, ಆದರೆ ಕೆಳತುಟಿಯಿಂದ ಗಲ್ಲದವರೆಗೆ ಗೆರೆ ಎಳೆದ ಹಾಗೆ ಸ್ಪಷ್ಟ. "ಹೋಯ್ತು," ಎಂದ ಮೆಲ್ಲಗೆ. ಮದುವೆಯ ಬಗ್ಗೆ ಹೇಳಿದ್ದಲ್ಲ, ನನಗೆ ಗೊತ್ತು. ಏನಾದರೂ ತಮಾಷೆ ಮಾಡಬೇಕೆಂದು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ.

ಉಮ್ಮ ಕೊಡೆ ಮಡಚಿ ಮೈದಾನದೊಳಗೆ ಬಂದರು. ಮಗನ ಗಲ್ಲವನ್ನು ಎತ್ತಿ ಬಿಸಿಲಿಗೆ ಹಿಡಿದರು. "ಎಂತ ಹೇಳಿದ್ದು ನಾನು?" ಎಂದರು. ಕೂಗಲಿಲ್ಲ, ಕೂಗಿದ್ದರೆ ಒಳ್ಳೆಯದಿತ್ತು. ಅವನು, "ಹೇಳಿದ್ದು ಹೌದು. ನಾನು ಒಪ್ಪಿದ್ದೂ ಹೌದು," ಎಂದು ಚೆಂಡನ್ನು ನನ್ನ ತೊಡೆಯ ಮೇಲಿಟ್ಟ.

ಅಷ್ಟರಲ್ಲಿ ಉಮ್ಮನ ತೋಳಿನಲ್ಲಿದ್ದ ಚೀಲದೊಳಗೆ ಅವನ ಫೋನು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದರೆ ವೀಡಿಯೋ ಕಾಲ್. ಹುಡುಗಿ. ಉಮ್ಮ ಗಾಬರಿಯಿಂದ ಕಟ್ ಮಾಡಲು ಹೋಗಿ ಹಸಿರು ಗುಂಡಿ ಒತ್ತಿದರು. ಪರದೆಯ ತುಂಬ ಟೀಚರಮ್ಮನ ಮುಖ.

"ಉಮ್ಮ, ಅವರಿಗೆ ಪೆಟ್ಟು ಜೋರಾಗಿದೆಯಾ?"

"ಪೆಟ್ಟಾ? ಯಾರಿಗೆ? ಅವ ವ್ಯಾಯಾಮಕ್ಕೆ..."

"ನಾವು ನೋಡ್ತಾ ಇದ್ದೇವೆ ಉಮ್ಮ. ತಮ್ಮನಿಗೆ ಯಾರೋ ಲಿಂಕ್ ಕಳಿಸಿದ್ದು. ಮೊದಲಿನಿಂದ ನೋಡ್ತಾ ಇದ್ದೇವೆ."

ಉಮ್ಮ ಕೋಲಿಗೆ ಕಟ್ಟಿದ್ದ ಫೋನನ್ನೂ ದುಬೈ ಅಣ್ಣನನ್ನೂ ನೋಡಿದರು. ದುಬೈ ಅಣ್ಣ ನನ್ನ ಹಿಂದೆ ಬಂದು ನಿಂತ, ನನ್ನ ಹಿಂದೆ ಅಡಗಲು ಜಾಗ ಸಾಲುವುದಿಲ್ಲ ಎಂದು ಗೊತ್ತಿದ್ದೂ. ಮದುಮಗ ಒಂದು ಕೈಯಲ್ಲಿ ಗಲ್ಲ ಮುಚ್ಚಿಕೊಂಡು ಫೋನ್ ತೆಗೆದುಕೊಂಡ.

"ಗಲಾಟೆ ಅಲ್ಲ ಇದು," ಎಂದ. "ಆಟ."

"ಗೊತ್ತಾಯ್ತು. ಆದ್ರೆ ಇಷ್ಟು ಹೊತ್ತು ಯಾರೂ ನಿಮ್ಮನ್ನು ಮುಟ್ಟಲೇ ಇಲ್ಲ. ಎಲ್ಲರಿಗೂ ನಿಮ್ಮ ಮೇಲೆ ಕೋಪ ಉಂಟೋ ಎಂತದೋ ಅಂತ ಎಣಿಸಿದೆ." ಅವಳು ಸ್ವಲ್ಪ ಮುಂದೆ ಬಾಗಿದಳು. "ಒಂದು ಕೇಳ್ಬೇಕಿತ್ತು. ಹಗ್ಗದ ಗುರುತಿಗೆ ಒಂದು ಮೊಳ ಇತ್ತು ಅಷ್ಟೇ. ಮುಂದೆ ಬಿದ್ದಿದ್ರೆ ಆಗ್ತಿತ್ತು. ಹಿಂದೆ ಯಾಕೆ ತಿರುಗಿದ್ದು?"

"ಅಭ್ಯಾಸ," ಎಂದ ಮದುಮಗ.

"ತಪ್ಪು ಅಭ್ಯಾಸ. ಬಿಡಿಸುವ."

ಕೂಳೂರಿನವರೆಲ್ಲ ಹೋ ಎಂದರು. ಉಮ್ಮ ಫೋನಿನ ಒಳಗೆ ತಲೆ ಹಾಕಿದರು. "ಮೋಳೆ, ನಿನ್ನ ಬಾಪ ನೋಡಿದ್ರಾ? ಎಂತ ಹೇಳಿದ್ರು?"

"ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ. ಬಾಪ ಕೇಳ್ತಿದ್ದಾರೆ, ಕಾಲಿಗೆ ನೇತಾಡಿದ ಆ ಸಪೂರದ ಹುಡುಗ ಬದುಕಿದ್ದಾನಾ ಅಂತ."

ಹದಿಮೂರು ಜನ ಮತ್ತೊಮ್ಮೆ ನನ್ನ ಕಡೆ ತಿರುಗಿದರು. ನಾನು ಫೋನಿಗೆ ಕೈ ಬೀಸಿದೆ. ಆ ಹೊತ್ತಿಗೆ ನನ್ನ ಎಡಗಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ಆ ಬದಿಯಿಂದ ಯಾರು ಎಷ್ಟು ನಕ್ಕರೆಂದು ನನಗೆ ಗೊತ್ತಿಲ್ಲ.

ಉಮ್ಮ ಮಗನ ಗಲ್ಲ ನೋಡಿದರು, ಫೋನು ನೋಡಿದರು. "ಮಾತು ಮಾತೇ," ಎಂದರು ಕಡೆಗೆ. ಮದುಮಗನ ಮುಖ ಇಳಿಯಿತು. "ಆದ್ರೆ ನಾನು ಆ ಮಾತು ತೆಗೊಂಡದ್ದು ಅವರ ಮನೆಯವರು ಎಂತ ಎಣಿಸ್ತಾರೋ ಅಂತ. ಅವರೇ ಕೂತು ನೋಡ್ತಾ ಇದ್ದ ಮೇಲೆ ನನಗೆಂತ? ಆಡು. ಗಾಯಕ್ಕೆ ಮನೆಯಲ್ಲಿ ಅರಶಿನ ಉಂಟು." ಆಮೇಲೆ ನಮ್ಮ ತಂಡದ ಕಡೆ ತಿರುಗಿ, ಕೊಡೆಯ ತುದಿಯಿಂದ ಒಬ್ಬೊಬ್ಬರನ್ನೇ ತೋರಿಸಿದರು. "ನೀವೂ ಎಂತ ಜನ? ಒಬ್ಬ ಹೆಂಗಸು ಬೇಡ ಅಂದ್ರೆ ಆಟ ಬಿಟ್ಟು ನಿಲ್ಲುದಾ?"

ಕ್ಯಾಪ್ಟನ್ ಟೋಪಿ ಸರಿ ಮಾಡಿಕೊಂಡ.

ಮೂರನೆಯ ಚಾನ್ಸು ಬಾಕಿ ಇತ್ತು. ಎಲ್ಲರೂ ಸಾಲಾಗಿ ಬಾಗಿ ನಿಂತೆವು. ಉಮ್ಮ ಕುರ್ಚಿಗೆ ವಾಪಸ್ ಹೋಗಿ, ಫೋನನ್ನು ನಮ್ಮ ಕಡೆಗೆ ಹಿಡಿದುಕೊಂಡು, ಹುಡುಗಿಗೆ ಕಾಣುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಚೆಂಡು ಮದುಮಗನ ಕೈಗೆ ಬಂತು. ಈ ಸಲ ಜಿಮ್ಮಿನವ ಸರಿಯಲಿಲ್ಲ. ಸೊಂಟಕ್ಕೆ ಬಿಗಿಯಾಗಿ ಹಿಡಿದ. ಅದರ ಮೇಲೆ ಕ್ಯಾಪ್ಟನ್, ಅದರ ಮೇಲೆ ಇನ್ನಿಬ್ಬರು, ಬೆಳಿಗ್ಗೆಯಿಂದ ಹಿಡಿಯದೆ ಉಳಿಸಿಕೊಂಡದ್ದನ್ನೆಲ್ಲ ಒಂದೇ ಸಲ ತೀರಿಸುವವರ ಹಾಗೆ. ಮದುಮಗ ಅಷ್ಟು ಜನರನ್ನೂ ಹೊತ್ತು ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ನಾನು ಒಂದು ಕಣ್ಣಿನ ಲೆಕ್ಕದಲ್ಲಿ ಹಾರಿ, ಗುರಿ ತಪ್ಪಿ, ನಮ್ಮ ಕ್ಯಾಪ್ಟನನ್ನೇ ಹಿಡಿದೆ. ಮದುಮಗ ಈ ಸಲ ಮುಂದಕ್ಕೇ ಬಿದ್ದ, ಅವನ ಮೇಲೆ ಎಲ್ಲ ಸೇರಿ ದಡಾರನೆ ಬಿದ್ದೆವು.

ರಾಶಿಯ ತಳದಿಂದ, ಉಸಿರು ಸಿಗದೆ, ಮದುಮಗ ನಗುವುದು ಕೇಳಿಸಿತು. ದುಬೈ ಅಣ್ಣ ಹಗ್ಗ ತಂದು ಒಂದು ತುದಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಎಳೆದು ನೋಡಿದ. ಎಲ್ಲರೂ ಬಿದ್ದಲ್ಲಿಂದಲೇ ಕತ್ತು ಎತ್ತಿದೆವು. ಚೆಂಡು ಗುರುತಿಗಿಂತ ಒಂದು ಗೇಣು ಮುಂದಿತ್ತು.

"ಆಯ್ತಾ?" ಎಂದು ಉಮ್ಮ ದೂರದಿಂದ ಕೇಳಿದರು.

"ಆಯ್ತು ಉಮ್ಮ," ಎಂದ ಮಗ. "ಸ್ವಲ್ಪ ಇವರನ್ನು ಏಳ್ಲಿಕ್ಕೆ ಹೇಳಿ."